6.61 ಬೇಡ, 6.60 ಸಾಕು

ವರ್ಷಗಟ್ಟಲೆ ಕಪಾಟಿನಲ್ಲಿದ್ದ ಪಿಎಸ್‌ಪಿ 3000, ಅಂದರೆ ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಹೊರಗೆ ತೆಗೆದೆ. ಸಿಸ್ಟಮ್ ಸೆಟ್ಟಿಂಗ್ಸ್ ಒಳಗಿನ ಸಿಸ್ಟಮ್ ಇನ್‌ಫರ್ಮೇಷನ್ ನೋಡಿದರೆ ಅದರ ಫರ್ಮ್‌ವೇರ್ (ಯಂತ್ರ ನಡೆಸುವ ಒಳಗಿನ ತಂತ್ರಾಂಶ) ಇನ್ನೂ 5.03ನೇ ಆವೃತ್ತಿಯಲ್ಲೇ ಇತ್ತು. ಸೋನಿ ಕೊನೆಯದಾಗಿ ಬಿಟ್ಟಿದ್ದು 2015ರ 6.61. ನನಗೆ ಬೇಕಿದ್ದು 2011ರ 6.60. ನಾನು ಕೂಡಿಟ್ಟಿದ್ದ ಹೋಂಬ್ರೂ ಪ್ಲಗಿನ್‌ಗಳೆಲ್ಲ (ಹವ್ಯಾಸಿಗಳು ಬರೆದ ಪುಟ್ಟ ಪ್ರೋಗ್ರಾಂಗಳು) ಅದಕ್ಕೆಂದೇ ಬರೆದವು.

ಹೊಸದೇ ಹಾಕಿ ನೋಡೋಣ, ಸರಿಹೋಗದಿದ್ದರೆ ಹಳೆಯದಕ್ಕೆ ಬರೋಣ ಎಂದರೆ ಆಗುವುದಿಲ್ಲ. ಪಿಎಸ್‌ಪಿಯ ಅಪ್‌ಡೇಟರ್ ಮೇಲಕ್ಕೆ ಮಾತ್ರ ಹತ್ತುತ್ತದೆ, ಕೆಳಗೆ ಇಳಿಯಲು ಬಿಡುವುದಿಲ್ಲ. ಅದಕ್ಕೇ ನೆಟ್‌ವರ್ಕ್ ಅಪ್‌ಡೇಟ್ ಮುಟ್ಟಲೇ ಇಲ್ಲ. ಅಲ್ಲಿ ಆವೃತ್ತಿ ಆರಿಸುವ ಅವಕಾಶವೇ ಇಲ್ಲ. ಆಟಗಳು ಬರುವ ಯುಎಂಡಿ ಡಿಸ್ಕ್‌ಗಳಲ್ಲೂ ಅಪ್‌ಡೇಟ್ ಇರುತ್ತದೆ. ಆದರೆ ಆ ಆಟಕ್ಕೆ ಯಾವುದು ಬೇಕೋ ಅಷ್ಟೇ ಇರುತ್ತದೆ. ಉಳಿದಿದ್ದು ಮೆಮೊರಿ ಸ್ಟಿಕ್ ಎಂಬ ಕಾರ್ಡ್‌ಗೆ ಫೈಲ್ ಹಾಕಿ ಅಪ್‌ಡೇಟ್ ಮಾಡುವ ದಾರಿ.

ಕೆಲಸಕ್ಕೆ ಕೈ ಹಾಕಿದ ಮೇಲೆ ಗೊತ್ತಾಯಿತು, ಬ್ಯಾಟರಿ ಉಬ್ಬಿ ಮುಚ್ಚಳ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಬ್ಯಾಟರಿ ತೆಗೆದು ಬರೀ ಅಡಾಪ್ಟರ್ ಮೇಲೆ ಆಟ ಆಡಬಹುದು, ಆದರೆ ಅಪ್‌ಡೇಟರ್ ಒಪ್ಪುವುದಿಲ್ಲ. ಚಾರ್ಜ್ ಇರುವ ಬ್ಯಾಟರಿಯೂ ಬೇಕು, ಅಡಾಪ್ಟರ್ ಚುಚ್ಚಿರಲೂಬೇಕು. ಈ ನಿಯಮ ನನಗೆ ಸರಿಯೆನಿಸುತ್ತದೆ. ಫರ್ಮ್‌ವೇರ್ ಬರೆಯುವಾಗ ಕರೆಂಟ್ ಹೋದರೆ ಯಂತ್ರ ಮತ್ತೆ ಆನ್ ಆಗದೇ ಹೋಗಬಹುದು, ಅಲ್ವಾ? ಉಬ್ಬಿದ್ದನ್ನು ಒತ್ತಿ ಕೂರಿಸುವ ಸಾಹಸ ಯಾರೂ ಮಾಡಬೇಡಿ, ಬೆಂಕಿ ಹತ್ತಬಹುದು. ಹೊಸ ಬ್ಯಾಟರಿ ಬರುವವರೆಗೆ ಕಾದೆ.

ಅಷ್ಟರಲ್ಲಿ ಮೆಮೊರಿ ಸ್ಟಿಕ್‌ನ ಸೇವ್‌ಡೇಟಾ ಫೋಲ್ಡರ್ ಅನ್ನು ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡೆ. ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ, ಆದರೂ ಅಷ್ಟು ವರ್ಷದ ಆಟ ಅದರಲ್ಲಿದೆ. ಆಮೇಲೆ ಪಿಎಸ್‌ಪಿ ಫೋಲ್ಡರ್ ಒಳಗೆ ಗೇಮ್, ಅದರೊಳಗೆ ಅಪ್‌ಡೇಟ್ ಎಂಬ ಫೋಲ್ಡರ್ ಮಾಡಿ 6.60ರ ಅಪ್‌ಡೇಟ್ ಫೈಲ್ ಆದ ಇಬೂಟ್.ಪಿಬಿಪಿ ಹಾಕಿದೆ. ಹೆಸರುಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇಟ್ಟೆ. ಪಿಎಸ್‌ಪಿ ಗೋ ಎಂಬ ಇನ್ನೊಂದು ಮಾದರಿಗೆ ಬೇರೆಯದೇ ಫೈಲ್ ಬರುತ್ತದೆ, ಅದನ್ನು ಇದರ ಜೊತೆ ಬೆರೆಸಬಾರದು.

ಮೊದಲ ಸಲ ಗೇಮ್ ಮೆನುವಿನಲ್ಲಿ 'ಕರಪ್ಟೆಡ್ ಡೇಟಾ' ಎಂದು ಬಂತು. ಎದೆ ಧಸಕ್ಕೆಂದಿತು. ನೋಡಿದರೆ ಡೌನ್‌ಲೋಡ್ ಅರ್ಧಕ್ಕೇ ನಿಂತಿತ್ತು. ಮತ್ತೆ ಇಳಿಸಿದೆ, ಈ ಸಲ ಎಂಡಿ5 ಮೊತ್ತ (ಫೈಲ್ ಪೂರ್ತಿ ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಗುರುತು) ತಾಳೆ ನೋಡಿಯೇ ಹಾಕಿದೆ. ಆಗ ಐಕಾನ್ ಮೇಲೆ 6.60 ಎಂದು ಸ್ಪಷ್ಟವಾಗಿ ಕಾಣಿಸಿತು. ಆ ಸಂಖ್ಯೆಯನ್ನು ಎರಡು ಸಲ ಓದಿದ ಮೇಲೇ ಎಕ್ಸ್ ಒತ್ತಿದೆ.

ಕೆಲವೇ ನಿಮಿಷದ ಕೆಲಸ. ಅಷ್ಟು ಹೊತ್ತು ಸುಮ್ನೆ ಕೂತೆ, ಬಟನ್ ಮುಟ್ಟಲಿಲ್ಲ, ವೈರ್ ಅಲ್ಲಾಡಿಸಲಿಲ್ಲ. ಮತ್ತೆ ಆನ್ ಆದ ಕೂಡಲೇ ಸಿಸ್ಟಮ್ ಇನ್‌ಫರ್ಮೇಷನ್‌ಗೇ ಹೋದೆ. 6.60. ಕಾರ್ಡ್‌ನಲ್ಲಿದ್ದ ಅಪ್‌ಡೇಟ್ ಫೋಲ್ಡರ್ ಅಳಿಸಿ ಜಾಗ ಬಿಡಿಸಿಕೊಂಡೆ. ಆಮೇಲೆ ಹಳೆ ಸೇವ್ ತೆರೆದೆ, ಅಂದು ನಿಲ್ಲಿಸಿದ್ದ ರೇಸ್ ಹಾಗೇ ಇತ್ತು.