‘ಇಂಜಿನ್ ಕೆಲಸ ಆಗಿದೆ ಸಾರ್’ ಅಂದರೆ ಮುಂದೇನು ಕೇಳಬೇಕು?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಮಾರುವವರು ಮೆಲ್ಲಗೆ ಹೇಳುತ್ತಾರೆ: ‘ಇಂಜಿನ್ ಕೆಲಸ ಆಗಿದೆ ಸಾರ್, ಹೊಸದರ ಹಾಗಿದೆ.’ ಕೆಲವರು ಅಷ್ಟಕ್ಕೇ ಎದ್ದು ಬರುತ್ತಾರೆ. ಕೆಲವರು ಹೊಸ ಇಂಜಿನ್ನೇ ಸಿಕ್ಕಿತು ಅಂತ ಹಿಗ್ಗುತ್ತಾರೆ. ಎರಡೂ ಅವಸರವೇ. ಮೊದಲು ಕೇಳಬೇಕಾದ್ದು ಇಷ್ಟು: ಇಂಜಿನ್ ಬಿಚ್ಚಿದ್ದು ಯಾಕೆ?

ಎರಡು ಲಕ್ಷ ಕಿ.ಮೀ. ಓಡಿ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಅದು ವಯಸ್ಸಿನ ಕಾಯಿಲೆ. ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿಸಿದರೆ ವಾಸಿಯಾಗುತ್ತದೆ. ರೇಡಿಯೇಟರ್ ನೀರು ಖಾಲಿಯಾಗಿ ಇಂಜಿನ್ ಕಾದಿದ್ದರೆ ಅದರ ಮೇಲ್ಭಾಗದ ಹೆಡ್ ಬಾಗಿರಬಹುದು. ಅದನ್ನು ಲೇತ್ ಅಂಗಡಿಯಲ್ಲಿ ಸಮ ಮಾಡಿಸಿದರೋ, ಸುಮ್ನೆ ನಡುವಿನ ಗ್ಯಾಸ್ಕೆಟ್ ಹಾಳೆ ಬದಲಿಸಿ ಮುಚ್ಚಿದರೋ, ತಿಳಿದುಕೊಳ್ಳಿ.

ಇನ್ನೊಂದು ಕಾರಣ ನಮ್ಮ ಬೆಂಗಳೂರಿಗೆ ಚೆನ್ನಾಗಿ ಗೊತ್ತು, ಮಳೆನೀರು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ಮುಳುಗಿದ್ದು ನೆನಪಿದೆ ಅಲ್ವಾ? ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನಲ್ಲ. ನೀರು ನುಗ್ಗಿದ ಇಂಜಿನ್ನನ್ನು ಸ್ಟಾರ್ಟ್ ಮಾಡಲು ಹೋದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ರಿಪೇರಿ ಆಗುತ್ತದೆ, ಸರಿ. ಆದರೆ ವೈರಿಂಗ್ ಒಳಗೊಳಗೇ ಕೊಳೆಯುತ್ತಿರುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯಲ್ಲಿ ಕೆಸರಿನ ಕಲೆ ಇದೆಯೇ? ಸೀಟಿನ ಕೆಳಗಿನ ಬೋಲ್ಟ್‌ಗಳಿಗೆ, ಸ್ಟೆಪ್ನಿ ಇಡುವ ಗುಂಡಿಗೆ ತುಕ್ಕು ಹಿಡಿದಿದೆಯೇ? ಹಾಗಿದ್ದರೆ ಬೆಲೆ ಎಷ್ಟೇ ಇಳಿಸಲಿ, ನಾನಂತೂ ತಗೊಳ್ಳುವುದಿಲ್ಲ.

ಬಿಲ್ಲು ಎಲ್ಲಿ?

ಲೇತ್ ಅಂಗಡಿಯದೊಂದು, ಬಿಡಿಭಾಗಗಳದೊಂದು ಬಿಲ್ ಕೇಳಿ. ಬಿಲ್ಲಿನಲ್ಲಿ ಪಿಸ್ಟನ್ ಪಕ್ಕದಲ್ಲಿ 0.25 ಅಥವಾ 0.50 ಅಂತ ಇದ್ದರೆ ಅದು ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಅಷ್ಟು ಮಿಲಿಮೀಟರ್ ದೊಡ್ಡದು. ಅಳತೆ ಹೆಚ್ಚಿದಷ್ಟೂ ಸಿಲಿಂಡರ್‌ಗಳಿರುವ ಬ್ಲಾಕಿನಲ್ಲಿ ಮುಂದೆ ಕೊರೆಯಲು ಜಾಗ ಕಡಿಮೆ. ಬರೀ ರಿಂಗ್ ಸೆಟ್, ಗ್ಯಾಸ್ಕೆಟ್ ಬಿಲ್ ತೋರಿಸಿ ‘ಫುಲ್ ಇಂಜಿನ್ ಕೆಲಸ’ ಅಂದರೆ ಒಪ್ಪಬೇಡಿ. ಬೇರಿಂಗ್ ಹಾಕಿಸಿದಿರಾ, ಆಯಿಲ್ ಪಂಪ್ ನೋಡಿಸಿದಿರಾ ಅಂತ ಕೇಳಿ.

ಕೆಲಸ ಆಗಿ ಎಷ್ಟು ಓಡಿದೆ ಅನ್ನುವುದೂ ಮುಖ್ಯ. ಮಾರುವುದಕ್ಕೆಂದೇ ಇಂಜಿನ್ ಕಟ್ಟಿ, 200 ಕಿ.ಮೀ. ಕೂಡ ಓಡದ ಕಾರಿಗಿಂತ ಐದಾರು ಸಾವಿರ ಓಡಿದ್ದೇ ಮೇಲು. ಕೆಲಸ ಕೆಟ್ಟದಾಗಿದ್ದರೆ ಅಷ್ಟರಲ್ಲಿ ಬಣ್ಣ ಬಯಲಾಗಿರುತ್ತದೆ.

ಕೆಲವರು ರಿಪೇರಿ ಗೋಜಿಗೇ ಹೋಗದೆ ಶಿವಾಜಿನಗರದ ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸುತ್ತಾರೆ. ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ನಂಬರ್ ಆರ್‌ಸಿಗೆ ಸೇರಬೇಕು. ಬ್ಲಾಕ್ ಮೇಲಿನ ನಂಬರನ್ನು ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಹಾಕಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ. ಉಜ್ಜಿದ ಗುರುತು ಕಂಡರೆ ವಾಪಸ್ ಬನ್ನಿ.

ಬೆಳಿಗ್ಗೆ ಹೋಗಿ

ತಣ್ಣಗಿರುವ ಇಂಜಿನ್ ಸುಳ್ಳು ಹೇಳುವುದಿಲ್ಲ. ಒಮ್ಮೆ ಬನಶಂಕರಿ ಕಡೆ ಬೆಳಿಗ್ಗೆ ಏಳಕ್ಕೇ ಹೋಗಿದ್ದೆ. ಬಾನೆಟ್ ಮೇಲೆ ಕೈ ಇಟ್ಟರೆ ದೋಸೆ ಹೆಂಚಿನ ಹಾಗೆ ಬಿಸಿ. ‘ಹಾಲು ತರೋಕೆ ಹೋಗಿದ್ದೆ’ ಅಂದರು. ಮರುದಿನ ಹೇಳದೆ ಹೋದೆ. ಸ್ಟಾರ್ಟ್ ಮಾಡಿದ ಕೂಡಲೇ ಹಿಂದೆ ಸಾಂಬ್ರಾಣಿ ಹಾಕಿದ ಹಾಗೆ ನೀಲಿ ಹೊಗೆ.

ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್, ಅಂದರೆ ರೇಡಿಯೇಟರ್ ನೀರು, ಸಿಲಿಂಡರ್ ಒಳಗೆ ಸೇರುತ್ತಿರಬಹುದು. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ ಕಂಡರೂ ಅದೇ ಅನುಮಾನ. ಇಂಜಿನ್ ಓಡುತ್ತಿರುವಾಗ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಎಳೆಯಿರಿ. ಆ ತೂತಿನಿಂದ ಹೊಗೆ ಬುಸುಬುಸು ಬಂದರೆ ರಿಂಗ್ ಸರಿಯಾಗಿ ಕೂತಿಲ್ಲ.

ಆಮೇಲೆ ಓಡಿಸಿ. ಖಾಲಿ ರಸ್ತೆ ಬೇಡ, ಸಿಲ್ಕ್ ಬೋರ್ಡ್ ಇದೆಯಲ್ಲ! ಎಸಿ ಹಾಕಿಕೊಂಡು ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ನಿಂತರೆ ಕೂಲಿಂಗ್ ಹೇಗಿದೆ ಅಂತ ಮೀಟರ್ ಮುಳ್ಳೇ ಹೇಳುತ್ತದೆ. ಮುಳ್ಳಿಲ್ಲದ ಕಾರಾದರೆ ಟೆಂಪರೇಚರ್ ದೀಪ ನೋಡಿ. ಫ್ಲೈಓವರ್ ಏರುವಾಗ ಕಟಕಟ ಸದ್ದು ಬರುತ್ತದಾ, ಕಿವಿ ಕೊಡಿ.

ಇಷ್ಟರಲ್ಲಿ ಪಾಸಾದರೆ ನಿಮ್ಮ ಮೆಕ್ಯಾನಿಕ್ ಕೈಲಿ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಯುವ ಪರೀಕ್ಷೆ, ಮಾಡಿಸಿ. ಮಾರುವವರ ಮೆಕ್ಯಾನಿಕ್ ಬೇಡ. ಸಿಲಿಂಡರ್‌ಗಳ ನಡುವೆ ಶೇ 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು.

ಕಾಗದಪತ್ರ ಹಳೆಯ ಕಥೆಯೇ. ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30ಕ್ಕೆ ಸಹಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35. ಹೊರರಾಜ್ಯದ ಕಾರಾದರೆ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಎಷ್ಟಾಗುತ್ತದೆ ಅಂತ ಚೌಕಾಸಿಗೆ ಮುಂಚೆಯೇ ವಿಚಾರಿಸಿ. ಕಾರು ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.