ಚಾಕ್ ಇಟ್ಟ ಮೇಲಿನ ಮೂರು ನಿಮಿಷ

ವಿಮಾನ ತನ್ನ ನಿಲುಗಡೆ ಜಾಗಕ್ಕೆ, ಅಂದರೆ ನಾವು ಬೇ ಅನ್ನುವಲ್ಲಿಗೆ, ಬಂದು ನಿಲ್ಲುತ್ತದೆ. ನಮ್ಮ ಹುಡುಗರು ಗಾಲಿ ಉರುಳದಂತೆ ತಡೆಯುವ ಚಾಕ್ ಇಡುತ್ತಾರೆ. ಅಲ್ಲಿಂದ ಮೂರು ನಿಮಿಷದೊಳಗೆ ಕರೆಂಟ್ ಕೇಬಲ್ ವಿಮಾನದ ಮೂಗಿನ ಹತ್ತಿರ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ಎಷ್ಟು ಇಂಧನ ಸುಡುತ್ತದೆ ಅನ್ನುವುದು ನಿಂತಿದೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ವಾಹನಗಳನ್ನು, ಅಂದರೆ ನಿಂತ ವಿಮಾನದ ಸುತ್ತ ಕೆಲಸ ಮಾಡುವ ಗಾಡಿಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ಹೊಗೆ ಕಡಿಮೆ ಮಾಡಿ ಎಂದು ಮೇಲಿನವರು ಹೇಳಿದಾಗ ಎಲ್ಲರಂತೆ ನಾನೂ ಮೊದಲು ಎಲೆಕ್ಟ್ರಿಕ್ ಗಾಡಿಗಳನ್ನೇ ಯೋಚಿಸಿದ್ದೆ. ದೊಡ್ಡ ಉಳಿತಾಯ ಸಿಕ್ಕಿದ್ದು ಬೇರೆ ಕಡೆ.

ವಿಮಾನದ ಬಾಲದ ತುದಿಯಲ್ಲಿ ಒಂದು ತೂತು ಕಾಣುತ್ತದೆ, ಅಲ್ವಾ? ಅದರ ಒಳಗೆ ಒಂದು ಪುಟ್ಟ ಜೆಟ್ ಎಂಜಿನ್ ಇರುತ್ತದೆ. ಎಪಿಯು ಅನ್ನುತ್ತೇವೆ. ದೊಡ್ಡ ಎಂಜಿನ್ ಆಫ್ ಆದ ಮೇಲೆ ದೀಪ, ಎಸಿ, ಕಾಕ್‌ಪಿಟ್‌ನ ಪರದೆಗಳು ಎಲ್ಲದಕ್ಕೂ ಅದೇ ಆಧಾರ. ಎ320ಯಂಥ ವಿಮಾನದಲ್ಲಿ ಅದು ಗಂಟೆಗೆ 100 ಕೆಜಿಗೂ ಜಾಸ್ತಿ ಇಂಧನ ಕುಡಿಯುತ್ತದೆ. ವಿಮಾನ 40 ನಿಮಿಷ ನಿಂತರೆ ಹತ್ತಿರ ಹತ್ತಿರ 70 ಕೆಜಿ. ಒಂದು ಕೆಜಿ ವಿಮಾನ ಇಂಧನ ಸುಟ್ಟರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಸುಮ್ನೆ ನಿಂತ ಒಂದು ವಿಮಾನದಿಂದ ಸುಮಾರು 220 ಕೆಜಿ.

ಒಂದು ಕೆಜಿ ಸುಟ್ಟರೆ ಮೂರು ಕೆಜಿ ಹೇಗೆ ಬರುತ್ತೆ ಅಂತ ನಮ್ಮ ಡ್ರೈವರ್‌ಗಳು ನಂಬಲೇ ಇಲ್ಲ. ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವೂ ಸೇರಿಕೊಳ್ಳುತ್ತದೆ, ಆ ತೂಕವೂ ಲೆಕ್ಕಕ್ಕೆ ಬರುತ್ತದೆ ಎಂದು ವಿವರಿಸಿದೆ. ಆ ದಿನದಿಂದ ಅವರು ನನಗಿಂತ ಚೆನ್ನಾಗಿ ಲೆಕ್ಕ ಇಡತೊಡಗಿದರು.

ಎಸಿಯೊಂದನ್ನು ಬಿಟ್ಟು ಉಳಿದ ಕೆಲಸವನ್ನು ನೆಲದಿಂದ ಕರೆಂಟ್ ಕೊಟ್ಟು ಮಾಡಬಹುದು. ವಿಮಾನಕ್ಕೆ ಬೇಕಾದದ್ದು 115 ವೋಲ್ಟ್, 400 ಹರ್ಟ್ಜ್. ಮನೆಯ 50 ಹರ್ಟ್ಜ್ ಕರೆಂಟ್ ನೇರವಾಗಿ ಆಗುವುದಿಲ್ಲ. ಪ್ರಯಾಣಿಕರು ಟರ್ಮಿನಲ್‌ನಿಂದ ನೇರ ನಡೆದು ಹತ್ತುವ ಏರೋಬ್ರಿಜ್ ಇರುವ ಬೇಗಳಲ್ಲಿ ಇದಕ್ಕೆ ಕೇಬಲ್ ಅಲ್ಲೇ ಇರುತ್ತದೆ. ದೂರದ ಬೇಗಳಿಗೆ ನಾವು ಡೀಸೆಲ್ ಜನರೇಟರ್ ಗಾಡಿ ಒಯ್ಯುತ್ತೇವೆ. ಡೀಸೆಲ್ ಅಂದ ಕೂಡಲೇ ಜನ ಮೂಗು ಮುರಿಯುತ್ತಾರೆ. ಆದರೆ ಆ ಗಾಡಿ 40 ನಿಮಿಷದಲ್ಲಿ ಸುಡುವುದು ಹತ್ತು ಲೀಟರ್ ಆಸುಪಾಸು. ಲೀಟರಿಗೆ 2.7 ಕೆಜಿ ಹಿಡಿದರೂ 27 ಕೆಜಿ. 220 ಎಲ್ಲಿ, 27 ಎಲ್ಲಿ! ಈ ಲೆಕ್ಕ ಕೈಗೆ ಸಿಕ್ಕ ಮೇಲೆ, ಹೊಸ ಗಾಡಿ ಬರುವ ತನಕ ಕಾಯುವುದು ತಪ್ಪು ಅನ್ನಿಸಿತು.

ಹಾಗಾದರೆ ಪೈಲಟ್‌ಗಳು ಎಪಿಯು ಯಾಕೆ ಆಫ್ ಮಾಡುತ್ತಿರಲಿಲ್ಲ? ಎರಡು ವಾರ ಒಂದು ನೋಟ್‌ಬುಕ್ ಹಿಡಿದು ಬೇಗಳಲ್ಲೇ ನಿಂತೆ. ಚಾಕ್ ಇಟ್ಟದ್ದು ಯಾವಾಗ, ಕೇಬಲ್ ಸಿಕ್ಕಿಸಿದ್ದು ಯಾವಾಗ, ಬಾಲದ ಸದ್ದು ನಿಂತದ್ದು ಯಾವಾಗ, ಇಷ್ಟೇ ಬರೆದೆ. ಗಾಡಿ ಕೆಟ್ಟು ತಡವಾದದ್ದು ಕಡಿಮೆ. ಹೆಚ್ಚಿನ ಸಲ ಗಾಡಿ ಪಕ್ಕದ ಬೇಯಲ್ಲಿ ಕೆಲಸ ಮುಗಿಸಿ ಅಲ್ಲೇ ನಿಂತಿರುತ್ತಿತ್ತು. ತರಲು ಎಳೆಯುವ ಗಾಡಿ, ಅಂದರೆ ಟಗ್ ಬೇಕು, ಟಗ್ ಲಗೇಜಿಗೆ ಹೋಗಿರುತ್ತಿತ್ತು. ಒಬ್ಬ ಕ್ಯಾಪ್ಟನ್ ನೇರವಾಗಿ ಹೇಳಿದರು: "ಕೇಬಲ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಬರದೆ ಎಂಜಿನ್ ಆಫ್ ಮಾಡಿದ್ರೆ ವಿಮಾನ ಪೂರ್ತಿ ಕತ್ತಲು. ಅದಕ್ಕೇ ಇಳಿದು ನೆಲದ ಮೇಲೆ ಟ್ಯಾಕ್ಸಿ ಮಾಡುವಾಗಲೇ ಎಪಿಯು ಹಾಕಿಕೊಂಡು ಬರ್ತೀನಿ." ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಮಾಡಿದ ಬದಲಾವಣೆ ಸಣ್ಣದು. ವಿಮಾನ ಇಳಿಯುವ ಮೊದಲೇ ಜನರೇಟರ್ ಗಾಡಿ ಬೇಯ ಸುತ್ತಲಿನ ಕೆಂಪು ಗೆರೆಯ ಹೊರಗೆ ಬಂದು ನಿಂತಿರಬೇಕು. ಕೇಬಲ್‌ಗೆ ಅಂತಲೇ ಒಬ್ಬ ಇರಬೇಕು, ಅವನಿಗೆ ಆ ಹೊತ್ತಲ್ಲಿ ಬೇರೆ ಕೆಲಸ ಹೇಳುವ ಹಾಗಿಲ್ಲ. ಕೇಬಲ್ ರೆಡಿ ಇದೆ ಎಂದು ವಿಮಾನ ಬೇಗೆ ತಿರುಗುವ ಮೊದಲೇ ಕಂಪನಿಯ ರೇಡಿಯೋದಲ್ಲಿ ಪೈಲಟ್‌ಗೆ ತಿಳಿಸಬೇಕು. ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ತಿಂಗಳುಗಟ್ಟಲೆ ಒಂದು ಸಲವೂ ತಪ್ಪಿಸದೆ ಇದ್ದಾಗ ಕ್ಯಾಪ್ಟನ್‌ಗಳು ನಿಧಾನವಾಗಿ ನಂಬಿದರು. ಕೆಲವರು ಎಪಿಯು ಹಾಕದೆಯೇ ಬರತೊಡಗಿದರು. ಪೂರ್ತಿ ಸೊನ್ನೆ ಮಾಡಲು ಆಗುವುದಿಲ್ಲ, ಹೊರಡುವಾಗ ದೊಡ್ಡ ಎಂಜಿನ್ ಸ್ಟಾರ್ಟ್ ಮಾಡಲು ಎಪಿಯು ಕೊಡುವ ಒತ್ತಡದ ಗಾಳಿ ಬೇಕು. ಆದರೆ 40 ನಿಮಿಷ ಉರಿಯುವುದಕ್ಕೂ ಕೊನೆಯ ಐದಾರು ನಿಮಿಷ ಉರಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ನಮ್ಮ ಹವೆಯೂ ಜೊತೆ ಕೊಟ್ಟಿತು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಊರು. ಮುಂಜಾನೆ ಮತ್ತು ರಾತ್ರಿ ಎಸಿ ಇಲ್ಲದಿದ್ದರೂ ಕ್ಯಾಬಿನ್ ಬಿಸಿಯಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಮಂಜು ಗೊತ್ತಲ್ಲ? ಬೆಳಗಿನ ವಿಮಾನಗಳು ಹೊರಡಲಾಗದೆ ಸಾಲಾಗಿ ನಿಲ್ಲುತ್ತವೆ. ಮೊದಲು ಆ ಹೊತ್ತಲ್ಲಿ ಎಲ್ಲ ಬಾಲಗಳೂ ಒಟ್ಟಿಗೆ ಕಿರುಚುತ್ತಿದ್ದವು. ಈಗ ಮಂಜಿನ ಮುನ್ಸೂಚನೆ ಇದ್ದರೆ ರಾತ್ರಿ ಪಾಳಿಯವರೇ ಗಾಡಿಗಳನ್ನು ಹಂಚಿ ಇಟ್ಟಿರುತ್ತಾರೆ. ಮೊದಲ ಸಲ ಆ ಸಾಲು ನಿಶ್ಶಬ್ದವಾಗಿ ನಿಂತದ್ದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಎಲೆಕ್ಟ್ರಿಕ್ ಲಗೇಜ್ ಟ್ರ್ಯಾಕ್ಟರ್‌ಗಳೂ ಬಂದವು. ಮೊದಲ ತಿಂಗಳು ಕಷ್ಟವಾಯಿತು. ಲೆಡ್ ಆಸಿಡ್ ಬ್ಯಾಟರಿಗೆ ಪೂರ್ತಿ ಚಾರ್ಜ್ ಆಗಲು ಸುಮಾರು ಎಂಟು ಗಂಟೆ ಬೇಕು. ಪಾಳಿ ಮುಗಿದಾಗ ಹಾಕಿದರೆ ಸಾಕು ಎಂದು ನಾನೇ ತಿಳಿದಿದ್ದೆ. ಒಂದು ಬೆಳಗಿನ ಜಾವ ಮೂರು ಟ್ರ್ಯಾಕ್ಟರ್ ಚಾರ್ಜ್ ಮುಗಿದು ವಿಮಾನಗಳು ನಿಲ್ಲುವ ಅಂಗಳದ, ಅಂದರೆ ರ‍್ಯಾಂಪಿನ ನಡುವೆ ನಿಂತವು. ಲಗೇಜ್ ತಡ, ಎಲ್ಲರ ಬಾಯಲ್ಲೂ ಬೈಗುಳ. ಎರಡು ವಾರ ಮತ್ತೆ ಡೀಸೆಲ್‌ಗೆ ಹೋದೆವು. ಆಮೇಲೆ ಲಿಥಿಯಂ ಬ್ಯಾಟರಿಯ ಟ್ರ್ಯಾಕ್ಟರ್ ಕೇಳಿ ತರಿಸಿಕೊಂಡೆವು. ಅವಕ್ಕೆ ಹೊಂದುವ ಚಾರ್ಜರ್‌ಗಳನ್ನು ಹುಡುಗರು ಟೀ ಕುಡಿಯುವ ಜಾಗದ ಪಕ್ಕದಲ್ಲೇ ಹಾಕಿಸಿದೆವು. ಟೀಗೆ ನಿಂತಾಗ ಪ್ಲಗ್, ಊಟಕ್ಕೆ ನಿಂತಾಗ ಪ್ಲಗ್. ಆ ತೊಂದರೆ ಮತ್ತೆ ಬರಲಿಲ್ಲ.

ಉಳಿದ ಡೀಸೆಲ್ ಟಗ್‌ಗಳನ್ನು ಡ್ರೈವರ್‌ಗಳು ಆಫ್ ಮಾಡುತ್ತಿರಲಿಲ್ಲ. ಸೋಮಾರಿತನ ಅಂದುಕೊಂಡಿದ್ದೆ. ಕೂತು ಕೇಳಿದಾಗ ನಿಜ ಗೊತ್ತಾಯಿತು. ಸ್ಟಾರ್ಟರ್ ಬ್ಯಾಟರಿ ಹಳೆಯದು, ಒಮ್ಮೆ ಆಫ್ ಮಾಡಿದರೆ ಮತ್ತೆ ಹಿಡಿಯುವುದಿಲ್ಲ ಅನ್ನುವ ಭಯ. ಬ್ಯಾಟರಿ ಬದಲಿಸಿದೆವು. ಅದಾದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ.

ಕೆಲಸಕ್ಕೆ ಬರುವ ದಾರಿಯ ಲೆಕ್ಕ ಇನ್ನೂ ಅರ್ಧದಲ್ಲಿದೆ. ನಮ್ಮಲ್ಲಿ ತುಂಬಾ ಜನ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಪಕ್ಕದ ವಿಜಯಪುರ ಕಡೆಯವರು. ಬಿಎಂಟಿಸಿ ವಾಯು ವಜ್ರ ಬಸ್ ನಗರದ ಕಡೆಗೆ ಚೆನ್ನಾಗಿದೆ, ಈ ಕಡೆಗೆ ಇಲ್ಲ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ರೈಲ್ವೆ ಹಾಲ್ಟ್ ಶುರುವಾದಾಗ ಖುಷಿಪಟ್ಟಿದ್ದೆವು, ಆದರೆ ಆ ರೈಲಿನ ಸಮಯ ನಮ್ಮ ಪಾಳಿಗೆ ಕೂಡಿಬರಲಿಲ್ಲ. ಹಾಗಾಗಿ ಬೆಳಗಿನ ನಾಲ್ಕು ಗಂಟೆ ಪಾಳಿಗೆ ಕ್ಯಾಬೇ ಗತಿ. ಒಂದೊಂದರಲ್ಲಿ ಇಬ್ಬರೇ ಬರುತ್ತಿದ್ದರು. ಊರಿನ ಪ್ರಕಾರ ಪಾಳಿ ಹೊಂದಿಸಿ ಒಂದು ದಾರಿಗೆ ಒಂದೇ ವ್ಯಾನ್ ಮಾಡಿದ್ದೇವೆ. ಅದಕ್ಕಾಗಿ ಕೆಲವರು ಇಪ್ಪತ್ತು ನಿಮಿಷ ಬೇಗ ಏಳಬೇಕಾಗಿದೆ. ಒಪ್ಪಿಕೊಂಡರು, ಅವರಿಗೆ ನಾನು ಋಣಿ.

ಈಗ ನನ್ನ ತಲೆಯಲ್ಲಿರುವುದು ಏಪ್ರಿಲ್ ಮಧ್ಯಾಹ್ನ. ಆಗ ದೂರದ ಬೇಯಲ್ಲಿ ಕರೆಂಟ್ ಕೊಟ್ಟರೆ ಮಾತ್ರ ಸಾಲದು, ಕ್ಯಾಬಿನ್ ಕಾದುಬಿಡುತ್ತದೆ. ಮಕ್ಕಳು ಅಳುತ್ತಾರೆ, ಕ್ಯಾಪ್ಟನ್ ಎಪಿಯು ಹಾಕುತ್ತಾರೆ. ಅದನ್ನು ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಂಪು ಗಾಳಿ ಕೊಡುವ ಗಾಡಿ ಎರಡು ಬೇಕು ಎಂದು ಅರ್ಜಿ ಕೊಟ್ಟಿದ್ದೇನೆ. ನೋಟ್‌ಬುಕ್ಕಿನ ಲೆಕ್ಕವನ್ನೂ ಅದರ ಜೊತೆಗೆ ಲಗತ್ತಿಸಿದ್ದೇನೆ.