ಸಕ್ಕರೆ ಬಿಟ್ಟು ಹುಳಿ ನೋಡಿ ಕೊಯ್ದೆ: ಬೀದರ್ ಮಡ್ಡಿಯ ಚೆನಿನ್ ಬ್ಲಾಂಕ್

"ಈ ಮಡ್ಡಿಯಲ್ಲಿ ಬಿಳಿ ವೈನಿನ ದ್ರಾಕ್ಷಿಯಾ? ಸುಮ್ನೆ ತೊಗರಿ ಬಿತ್ತು" ಅಂದವರೇ ಜಾಸ್ತಿ. ಈಗ ವೈನರಿಯವರು ನನ್ನ ಮಾಲನ್ನು ಬೇರೆಯವರದ್ದರ ಜೊತೆ ಬೆರೆಸದೆ ಪ್ರತ್ಯೇಕ ಟ್ಯಾಂಕಿಗೆ ಹಾಕುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆ ಅಕ್ಟೋಬರ್ ನಡುವೆ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವುದು, ಮಾಡುತ್ತಿದ್ದೆ. ಕಾಯಿ ಹಣ್ಣಾಗುವಾಗ ಫೆಬ್ರವರಿ ಕೊನೆಯ ಬಿಸಿಲು. ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 23 ದಾಟುತ್ತಿತ್ತು, ನೋಡೋಕೆ ಚೆನ್ನ, ಆದರೆ ಪಿಎಚ್ 3.7ರ ಹತ್ತಿರ; ಪಿಎಚ್ ಏರಿದಷ್ಟೂ ಹುಳಿ ಕಡಿಮೆ. ರಾತ್ರಿಯೂ ಸೆಕೆ ಇದ್ದರೆ ಮ್ಯಾಲಿಕ್ ಹುಳಿ ಬೇಗ ಕರಗುತ್ತದೆ ಅಲ್ವಾ. ಒಂದು ವರ್ಷ ವೈನರಿಯವರು ಕಿಲೋಗೆ ಹತ್ತು ರೂಪಾಯಿ ಕಡಿದರು, ಅರ್ಧ ಲೋಡು ವಾಪಸ್ ಬಂತು. ಲಾರಿ ಬಾಡಿಗೆಯೂ ನನ್ನ ತಲೆಗೇ.

ಭಾವನ ತೋಟ ಕಲಬುರಗಿ ಕಡೆ, ಎರೆ ಭೂಮಿ. ಅದೇ ಚೆನಿನ್, ಕಸಿ ಕಟ್ಟಿದ್ದೂ ಅದೇ ಡಾಗ್‌ರಿಡ್ಜ್ ಬೇರಿಗೆ. ಅಲ್ಲಿ ಬಳ್ಳಿ ಸೊಕ್ಕುತ್ತದೆ, ಗೊಂಚಲು ದಪ್ಪ, ತೂಕಕ್ಕೆ ಒಳ್ಳೆಯದು, ರಸ ಮಾತ್ರ ಸಪ್ಪೆ. ನನ್ನದು ಕೆಂಪು ಜಂಬಿಟ್ಟಿಗೆ ನೆಲ, ನೀರು ನಿಲ್ಲಲ್ಲ, ಕಾಳು ಸಣ್ಣ. ಬೀದರ್ 600 ಮೀಟರಿಗಿಂತ ಎತ್ತರದಲ್ಲಿದೆ, ಕಲಬುರಗಿ 450ರ ಆಸುಪಾಸು, ಜನವರಿ ರಾತ್ರಿಯ ಚಳಿ ನಮಗೇ ಜಾಸ್ತಿ. ಇಳಿಜಾರೂ ಪೂರ್ವಕ್ಕಿದೆ, ಇಳಿಹೊತ್ತಿನ ಬಿಸಿಲು ಬೇಗ ಸರಿಯುತ್ತದೆ.

ಆ ಚಳಿಯಲ್ಲೇ ಹಣ್ಣಾಗಲಿ ಅಂತ ಚಾಟ್ನಿಯನ್ನು ಸೆಪ್ಟೆಂಬರ್ ನಡುವಿಗೆ ತಂದೆ. ಮಳೆಯಲ್ಲಿ ಡೌನಿ ಬೂಜು ರೋಗ ಬಂದು ತೋಟವೇ ಹೋಗುತ್ತೆ ಅಂತ ಹೆದರಿಸಿದರು. ಬಂತು ಕೂಡ. ಮೊದಲ ವರ್ಷ ಮೂರರಲ್ಲೊಂದು ಪಾಲು ಗೊಂಚಲು ಹೋಯಿತು, ಔಷಧಿಗೇ ಎಕರೆಗೆ ಹತ್ತಿರ ಹತ್ತಿರ 40 ಸಾವಿರ ಸುರಿದೆ. ಆಮೇಲೆ ಎಲೆ ತೆಗೆದು ಗಾಳಿ ಆಡುವಂತೆ ಮಾಡಿದೆ. ಯಾವಾಗ, ಯಾವ ಕಡೆಯ ಎಲೆ, ಅದನ್ನು ಮಾತ್ರ ಕೇಳಬೇಡಿ.

ಜನವರಿ ಕೊನೆಗೆ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ 20–21 ಬ್ರಿಕ್ಸ್ ತೋರಿಸಿದರೆ ಸಾಕು, ಪಿಎಚ್ ಮೀಟರನ್ನೇ ನಂಬುತ್ತೇನೆ. 3.3 ದಾಟುತ್ತಿದ್ದಂತೆ ಕಟಾವು. ಸಾಲಿನ ಎರಡೂ ಬದಿಯಿಂದ ಕಾಳು ಕಿತ್ತು ಚೀಲದಲ್ಲಿ ಹಿಸುಕಿ ಅಳೆಯುತ್ತೇನೆ, ನಾಲ್ಕು ಕಾಳು ಬಾಯಿಗೂ ಹಾಕುತ್ತೇನೆ. ಬೀಜ ಕಂದಾಗಿರಬೇಕು, ಸಿಪ್ಪೆ ಅಗಿದರೆ ಹಸಿರು ಒಗರು ಇರಬಾರದು.

ಕೊಯ್ಯುವುದು ನಸುಕಿನ ಮೂರಕ್ಕೆ, ತಲೆಗೆ ಟಾರ್ಚ್ ಕಟ್ಟಿಕೊಂಡು. ಕೂಲಿ ಹೆಚ್ಚು ಕೊಡಬೇಕು, ಕೊಡುತ್ತೇನೆ. ಬಿಸಿಲೇರಿದ ಮೇಲೆ ಕಿತ್ತ ಕ್ರೇಟು ದಾರಿಯಲ್ಲೇ ಹುದುಗಲು ಶುರುವಾಗುತ್ತದೆ, ತಳದ ರಸ ಕಂದಾಗುತ್ತದೆ.

ಇಳುವರಿ ಎಕರೆಗೆ ಐದು ಟನ್ನಿಂದ ನಾಲ್ಕಕ್ಕೆ ಇಳಿಯಿತು. ದರ ಕಿಲೋಗೆ ಮೂವತ್ತರಿಂದ ನಲವತ್ತೈದರ ಮೇಲೆ ಹೋಯಿತು, ಲೆಕ್ಕ ನೀವೇ ಹಾಕಿ. ನಡುವೆ ನಾಲ್ಕು ಸಾಲು ಸೊವಿನ್ಯೋನ್ ಬ್ಲಾಂಕ್, ಇನ್ನೊಂದು ಬಿಳಿ ವೈನಿನ ದ್ರಾಕ್ಷಿ, ಹಾಕಿದ್ದೇನೆ. ಅದರ ಹಸಿ ಮೆಣಸಿನಕಾಯಿಯಂಥ ವಾಸನೆ ಬಿಸಿಲಿಗೆ ಬೇಗ ಹೋಗುತ್ತದೆ, ಹಾಗಾಗಿ ಈ ಸಲ ಅರ್ಧ ಸಾಲನ್ನು ವಾರ ಮೊದಲೇ ಕೊಯ್ದು ಬೇರೆ ಕೊಟ್ಟಿದ್ದೇನೆ. ಟ್ಯಾಂಕಿನಿಂದ ಇನ್ನೂ ಸುದ್ದಿ ಬಂದಿಲ್ಲ.